ಕೆರೆ ಏರಿಯ ಕೈಮರ

ಮೊನ್ನೆ ಬೆಳಿಗ್ಗೆ ನಮ್ಮ ಮನೆ ಗೇಟಿನ ಚಿಲಕ ಹಿಡಿದುಕೊಂಡುಬಿಟ್ಟಿತು. ಹಾಲಿನವನು ಹೊರಗೆ, ನಾನು ಒಳಗೆ, ನಡುವೆ ಅಲ್ಲಾಡಲು ಒಪ್ಪದ ಗೇಣುದ್ದದ ಕಬ್ಬಿಣ. ಧನುರ್ಮಾಸದ ಚಳಿ ಬೇರೆ. ಮನೆಯಲ್ಲಿ ಏನು ಕೆಟ್ಟರೂ ಮೊದಲು ತಾವೇ ಒಂದು ಕೈ ನೋಡಿಬಿಡುವ ಸ್ವಭಾವದ ನಮ್ಮ ಯಜಮಾನರು ಬಚ್ಚಲುಮನೆಯಿಂದ ತೆಂಗಿನೆಣ್ಣೆಯ ಬಾಟಲಿ ಹಿಡಿದು ಬಂದರು. "ಅದು ಬೇಡ!" ಎಂದು ನಾನು ಕೂಗಿದ ಕೂಗಿಗೆ ಹಾಲಿನವನು ಕ್ಯಾನನ್ನು ಕೆಳಗಿಟ್ಟ.

"ಏನಾಯ್ತೇ?" ಎಂದರು ಇವರು. "ನಾನು ಚಿಕ್ಕನಾಯಕನಹಳ್ಳಿಯೋನು. ನಮ್ಮನೇಲಿ ಹೊಲಿಗೆ ಮಿಷನ್ನಿಗೂ ಇದನ್ನೇ ಬಿಡ್ತಿದ್ದಿದ್ದು."

"ಅದಕ್ಕೇ ನಿಮ್ಮಮ್ಮ ಚಳಿಗಾಲದಲ್ಲಿ ಬಟ್ಟೆ ಹೊಲೀತಿರಲಿಲ್ಲ," ಎಂದೆ. ಅತ್ತೆಯವರು ಹೊಲಿಯುತ್ತಿದ್ದರೋ ಇಲ್ಲವೋ ನನಗೇನು ಗೊತ್ತು. ಆದರೆ ಕೆಲವು ವಿಷಯಗಳಲ್ಲಿ ನಾನು ತಪ್ಪಿರಲಾರೆ ಎಂಬ ಧೈರ್ಯ ನನಗಿದೆ. ಅಂಥವುಗಳಲ್ಲಿ ಇದೂ ಒಂದು.

ತೆಂಗಿನೆಣ್ಣೆಯ ಮೇಲೆ ನನಗೆ ಯಾವ ಹಗೆಯೂ ಇಲ್ಲ. ತಿಪಟೂರು ಸೀಮೆಯಲ್ಲಿ ಹುಟ್ಟಿದವಳು ಹಾಗೆ ಹಗೆ ಸಾಧಿಸಿದರೆ ಉಣ್ಣುವ ಅನ್ನಕ್ಕೆ ಬೈದ ಹಾಗೆ. ತಲೆಗೆ ಹಚ್ಚಿ, ಬಾಣಂತಿಯ ಮಗುವಿನ ಮೈಗೆ ತಿಕ್ಕಿ, ಸುಟ್ಟ ಗಾಯಕ್ಕೆ ಸವರಿ, ಬೇಡ ಎನ್ನುವುದಿಲ್ಲ. ಕಬ್ಬಿಣಕ್ಕೆ ಮಾತ್ರ ಬೇಡ, ಅದರಲ್ಲೂ ಚಳಿಗಾಲದ ಬೆಳಗಿನ ಕಬ್ಬಿಣಕ್ಕೆ. ಇದನ್ನು ನನಗೆ ಕಲಿಸಿದವರು ನಮ್ಮ ರುದ್ರಮಾವ. ಕಲಿಸಿದರು ಎಂದರೆ ಅವರಿಗೆ ಗೊತ್ತಿತ್ತು ಎಂದು ತಿಳಿಯಬೇಡಿ.

ರುದ್ರಮಾವ ನಮ್ಮ ಅವ್ವನ ತಮ್ಮ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದರು. ಎತ್ತರದ ಆಳು, ಎತ್ತರದ ದನಿ, ತಲೆಯ ಮೇಲೆ ಮಾತ್ರ ಒಂದು ಕೂದಲೂ ಇರಲಿಲ್ಲ. ಗೇಲಿಗೆ ಹೇಳುತ್ತಿಲ್ಲ, ಆ ಬೋಳುತಲೆ ಮುಂದೆ ನಮಗೆ ಬೇಕಾಗುತ್ತದೆ, ಮನಸ್ಸಿನಲ್ಲಿ ಇಟ್ಟುಕೊಂಡಿರಿ. ನಮ್ಮ ಕಡೆ ತೆಂಗಿನಕಾಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಅಟ್ಟಕ್ಕೆ ಹಾಕಿ, ಒಳಗಿನ ನೀರೆಲ್ಲ ಇಂಗುವ ತನಕ ಕಾಯುತ್ತೇವೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಕೊಬ್ಬರಿ ಗಟಗಟ ಎಂದರೆ ಬಲಿತಿದೆ ಎಂದು ಲೆಕ್ಕ. ರುದ್ರಮಾವನಿಗೆ ಈ ವಿದ್ಯೆ ಎಷ್ಟು ಮೈಗೂಡಿತ್ತೆಂದರೆ ಕೈಗೆ ಸಿಕ್ಕಿದ್ದನ್ನೆಲ್ಲ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ಟಾರ್ಚು, ಗಡಿಯಾರ, ಒಮ್ಮೆ ನನ್ನ ಕಂಪಾಸು ಪೆಟ್ಟಿಗೆ. ಅಲ್ಲಾಡಿಸಿ, ಕಣ್ಣು ಮುಚ್ಚಿ, "ಸರಿಯಾಗೈತೆ" ಅಥವಾ "ಇನ್ನೂ ಹಸಿ" ಎಂದು ತೀರ್ಪು ಕೊಟ್ಟರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ.

ಇಂಥ ಮಾವ ಒಂದು ದಿನ ರೈಲ್ವೆಯವರ ಹರಾಜಿಗೆ ಹೋದರು. ಮಂಡಿಯ ಹೊಸ ಅಟ್ಟಕ್ಕೆ ತೊಲೆಯಾಗಿ ಹಾಕಲು ಹಳೇ ಕಂಬಿಗಳು ಬೇಕಾಗಿದ್ದವು. ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಹಳೆಯದೆಲ್ಲ ಕಿತ್ತು ಹೊಸದು ಹಾಕಿದ್ದರು. ಕಂಬಿ ಬೇಕಾದವರು ಜೊತೆಗಿದ್ದ ಗುಡ್ಡೆಯನ್ನೂ ಎತ್ತಿಕೊಂಡು ಹೋಗಬೇಕು ಎಂದರಂತೆ. ಹಾಗೆ ಮಾವನ ಪಾಲಿಗೆ ಒಂದು ಇಡೀ ಸಿಗ್ನಲ್ಲು ಬಂತು. ನಮ್ಮ ಕಡೆ ಅದನ್ನು ಕೈಮರ ಎನ್ನುತ್ತಿದ್ದರು. ಉದ್ದನೆಯ ಕಬ್ಬಿಣದ ಕಂಬ, ಅದರ ತುದಿಗೆ ಚಾಚಿದ ಕೆಂಪು ಹಲಗೆಯ ಕೈ, ಕೈಯ ಬುಡದಲ್ಲಿ ಎರಡು ಬಣ್ಣದ ಗಾಜು. ಅದನ್ನು ಇಳಿಸಲು ನೆಲಕ್ಕೆ ಹೂಳುವ ಒಂದು ಲಿವರು, ಒಂದು ರಾಶಿ ತಂತಿ, ತಂತಿ ಓಡಲು ಸಣ್ಣ ಸಣ್ಣ ರಾಟೆಗಳು. ಮಂಡಿಯಲ್ಲಿ ಜಾಗವಿಲ್ಲದ್ದರಿಂದ ಎಲ್ಲವೂ ಗಾಡಿಯೇರಿ ನಮ್ಮ ತೋಟದ ಮನೆಗೆ ಬಂದವು.

ಅಪ್ಪ ನೋಡಿದರು. "ಇದ್ಯಾಕೆ ರುದ್ರಪ್ಪ? ನಮ್ಮ ತೋಟಕ್ಕೆ ರೈಲು ಬುಡುಸ್ತೀಯಾ?" ಎಂದರು. ಮಳೆ ಬಿದ್ದ ಮೇಲೆ ಅವ್ವ ಆ ಕಬ್ಬಿಣದ ಬುಡಕ್ಕೆ ಹೀರೆ ಬೀಜ ಊರಿದಳು. ಬಳ್ಳಿ ಸಿಗ್ನಲ್ಲಿನ ಕೈಯನ್ನು ಹಿಡಿದುಕೊಂಡು ಹಬ್ಬಿತು. ಆ ವರ್ಷದಷ್ಟು ಹೀರೇಕಾಯಿ ನಮ್ಮ ಮನೆಯಲ್ಲಿ ಯಾವತ್ತೂ ಆಗಿರಲಿಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ಹೈಸ್ಕೂಲು ಮುಗಿಸಿ ತಿಪಟೂರಿನಲ್ಲಿ ಪಿಯುಸಿಗೆ ಸೇರಿದ್ದೆ. ನಮ್ಮೂರಿನಿಂದ ಕಾಲೇಜಿಗೆ ಹೋದ ಹುಡುಗಿ ನಾನೊಬ್ಬಳೇ. ತುರುವೇಕೆರೆಯ ಕಡೆಯಿಂದ ಬೆಳಿಗ್ಗೆ ಬರುತ್ತಿದ್ದ ಒಂದು ಪ್ರೈವೇಟ್ ಬಸ್ಸು ಹಿಡಿದರೆ ಕಾಲೇಜು, ತಪ್ಪಿದರೆ ಮನೆ. ಬಸ್ಸು ಕೆರೆ ಏರಿಯ ಮೇಲೆ ಹೋಗುತ್ತಿತ್ತು, ನಮ್ಮ ಮನೆ ತೋಟದ ಒಳಗೆ ಎರಡು ಮೂರು ಕೂಗಿನಷ್ಟು ದೂರ. ಬಸ್ಸಿಗೆ ವೇಳೆ ಎನ್ನುವುದು ಇರಲಿಲ್ಲ. ಒಂದು ದಿನ ಸೂರ್ಯನಿಗಿಂತ ಮೊದಲು ಬರುತ್ತಿತ್ತು, ಇನ್ನೊಂದು ದಿನ ಬಿಸಿಲೇರಿದ ಮೇಲೆ. ಏರಿಯ ಮೇಲೆ ಯಾರೂ ನಿಂತಿರದಿದ್ದರೆ ಡ್ರೈವರ್ ಬಾಷಾ ಸಾಬರು ಕಾಲನ್ನು ಬ್ರೇಕಿನ ಹತ್ತಿರಕ್ಕೂ ಒಯ್ಯುತ್ತಿರಲಿಲ್ಲ. ಹಾಗಾಗಿ ನಾನು ಮಬ್ಬುಗತ್ತಲೆಗೇ ಹೋಗಿ, ಆ ನಿರ್ಜನ ಏರಿಯ ಮೇಲೆ ಒಬ್ಬಳೇ ನಿಂತಿರಬೇಕಾಗಿತ್ತು.

ಅಪ್ಪ ಕೆಲವು ದಿನ ಜೊತೆಗೆ ಬಂದು ನಿಂತರು. ಅದು ಹಾಲು ಕರೆಯುವ ಹೊತ್ತು, ತೋಟಕ್ಕೆ ನೀರು ಕಟ್ಟುವ ಹೊತ್ತು. ದೀಪಾವಳಿ ಹತ್ತಿರ ಬಂದಾಗ ಅವರ ತಾಳ್ಮೆ ಮುಗಿಯಿತು.

"ಹೆಣ್ಮಗ ಏರಿ ಮೇಲೆ ಒಬ್ಳೇ ನಿಂತ್ಕಳಾದು ನಂಗೆ ಸರಿಬರಲ್ಲ," ಎಂದರು ಅವ್ವನಿಗೆ, ನಾನು ಕೇಳಲೆಂದೇ. "ಸಂಕ್ರಾಂತಿ ತಂಕ ನೋಡಾಣ. ಆಗದಿದ್ರೆ ಬುಡು. ಹತ್ತನೇ ಕ್ಲಾಸು ಆಗೈತಲ್ಲ, ಸಾಕು."

ನಮ್ಮ ಅಪ್ಪ ಕೆಟ್ಟವರಲ್ಲ. ಓದು ಬೇಡ ಎನ್ನುವವರೂ ಅಲ್ಲ, ಬೇಕು ಎನ್ನುವವರೂ ಅಲ್ಲ. ಅವರ ಲೆಕ್ಕದಲ್ಲಿ ಓದು ಬಸ್ಸಿನ ಹಾಗೆ, ಬಂದರೆ ಹತ್ತಬೇಕು, ಬರದಿದ್ದರೆ ಮನೆಗೆ ಹಿಂತಿರುಗಬೇಕು. ನನಗೆ ಹಾಗಿರಲಿಲ್ಲ. ಕಾಲೇಜಿನ ಆ ಉದ್ದನೆಯ ಕಿಟಕಿಗಳ ಕೋಣೆಯಲ್ಲಿ ಕೂತು ಇತಿಹಾಸದ ಪಾಠ ಕೇಳುವಾಗ ನನಗೆ ಹಸಿವೂ ಆಗುತ್ತಿರಲಿಲ್ಲ. ಅದನ್ನು ಬಿಟ್ಟು ಹೀರೇಕಾಯಿ ಕೊಯ್ಯುತ್ತ ಕೂರಬೇಕು ಎಂದುಕೊಂಡರೆ ಎದೆ ಒಡೆದು ಹೋಗುತ್ತಿತ್ತು.

ಹಬ್ಬಕ್ಕೆ ಬಂದ ರುದ್ರಮಾವನ ಎದುರು ನಾನು ಅತ್ತುಬಿಟ್ಟೆ. ಮಾವ ಹೋಳಿಗೆ ತಟ್ಟೆ ಪಕ್ಕಕ್ಕಿಟ್ಟು ಹಿತ್ತಲಿಗೆ ಹೋದರು. ಹೀರೇಬಳ್ಳಿಯ ಕೆಳಗೆ ಬಗ್ಗಿ ನೋಡಿದರು. ಸಿಗ್ನಲ್ಲಿನ ಕಂಬಕ್ಕೆ ಕಿವಿಯಿಟ್ಟು ಬೆರಳಿನಿಂದ ತಟ್ಟಿದರು. "ಭಾವಾ," ಎಂದು ಅಲ್ಲಿಂದಲೇ ಕೂಗಿದರು, "ಅಷ್ಟು ದೊಡ್ಡ ರೈಲೇ ಇದರ ಮಾತು ಕೇಳ್ತಿತ್ತು. ಬಸ್ಸು ಕೇಳಲ್ವಾ?"

ಮಾವನ ಉಪಾಯ ನಿಮಗೂ ಹೊಳೆದಿರಬಹುದು. ಕೈಮರವನ್ನು ರಿಪೇರಿ ಮಾಡಿ ಏರಿಯ ಮೇಲೆ ನಿಲ್ಲಿಸುವುದು, ಲಿವರನ್ನು ನಮ್ಮ ಜಗಲಿಯ ಪಕ್ಕ ಹೂಳುವುದು, ನಡುವೆ ತೋಟದೊಳಗೆ ತಂತಿ. ನಾನು ತಯಾರಾದ ಕೂಡಲೇ ಲಿವರಿನ ಮೂಲಕ ಕೈ ತೋರಿಸುವುದು. ಕೆರೆಯ ಆಚೆ ದಡದಿಂದಲೇ ಡ್ರೈವರಿಗೆ ಕೈ ಕಾಣುತ್ತದೆ. ಅವನು ಏರಿಯ ಮೇಲೆ ಬಸ್ಸು ನಿಲ್ಲಿಸಿ ಹಾರನ್ ಮಾಡುತ್ತಾನೆ, ನಾನು ಓಡುತ್ತೇನೆ.

ಮಾರನೆಯ ದಿನವೇ ಕೆಲಸ ಶುರುವಾಯಿತು. ಅವ್ವ ಹೀರೇಬಳ್ಳಿಯ ಪರವಾಗಿ ಸ್ವಲ್ಪ ವಾದ ಮಾಡಿ ಸೋತಳು. ತುಕ್ಕು ಹಿಡಿದ ಕೀಲುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ನೆನೆಹಾಕಿದರು. ತೆಂಗಿನ ನಾರಿಗೆ ಇಟ್ಟಿಗೆ ಪುಡಿ ಹಚ್ಚಿ ಕಂಬವನ್ನು ಉಜ್ಜಿದರು. ಸೊಟ್ಟಗಾಗಿದ್ದ ಸರಳನ್ನು ತೆಂಗಿನ ಚಿಪ್ಪಿನ ಇದ್ದಿಲಿನಲ್ಲಿ ಕಾಯಿಸಿ ಬಡಿದು ನೇರ ಮಾಡಿದರು. ರಾಟೆಗಳನ್ನು ತೆಂಗಿನ ಮರಗಳಿಗೆ ಮೊಳೆ ಹೊಡೆದು ಕೂರಿಸಲು ಹೊರಟಾಗ ಅಪ್ಪ ಗುಡುಗಿದರು. "ಮರಕ್ಕೆ ಮೊಳೆ ಹೊಡೀತೀಯೇನಯ್ಯ? ನಿನ್ನ ಮೈಗೆ ಹೊಡ್ಕ!" ಸರಿ, ಮರಕ್ಕೆ ನೋವಾಗದಂತೆ ನಾರಿನ ಹಗ್ಗದಿಂದ ಬಿಗಿದದ್ದಾಯಿತು. ಹೀಗೆ ಪ್ರತಿ ಹೆಜ್ಜೆಗೂ ತೆಂಗೇ ಒದಗಿ ಬಂದಾಗ ಮಾವನ ಎದೆ ಉಬ್ಬಿತು. "ನೋಡು ಮಗಾ, ಇಂಗ್ಲೆಂಡಿನ ಕಬ್ಬಿಣ, ತಿಪಟೂರಿನ ತೆಂಗು. ಎಂಗೆ ಕೂಡ್ತು!" ಎನ್ನುತ್ತಿದ್ದರು.

ಒಂದು ಸಂಜೆ ಗಾಜಿನ ಜಗಳ ನಡೆಯಿತು. ಎರಡು ಗಾಜನ್ನೂ ಹುಣಿಸೆಹಣ್ಣು ಹಾಕಿ ತೊಳೆದಾಗ ಒಂದು ಕೆಂಪು ಸರಿ, ಇನ್ನೊಂದು ನೀಲಿ! ಹಸಿರು ಇರಬೇಕಾದ ಜಾಗದಲ್ಲಿ ನೀಲಿ. ಯಾರೋ ಬದಲಾಯಿಸಿ ಮೋಸ ಮಾಡಿದ್ದಾರೆ ಎಂದರು ಅಪ್ಪ. ಮಾವ ಹಟ ಬಿಡಲಿಲ್ಲ. "ರೈಲ್ವೆಯೋರು ಹಂಗೆಲ್ಲ ತಪ್ಪು ಮಾಡಲ್ಲ ಭಾವ. ಕಂದೀಲು ತತ್ತಾ ಮಗಾ." ನಾನು ಹಿಂದೆ ಕಂದೀಲು ಹಿಡಿದೆ. ಸೀಮೆಎಣ್ಣೆಯ ಹಳದಿ ಬೆಳಕು ಆ ನೀಲಿಯನ್ನು ಹಾದು ಈಚೆ ಬಂದಾಗ ಪಚ್ಚೆ ಹಸಿರು. ಅಪ್ಪ ಕೂಡ ಹತ್ತಿರ ಬಂದು ಬಗ್ಗಿ ನೋಡಿದರು. ಬಸ್ಸಿಗೆ ಆ ಗಾಜಿನಿಂದ ಮೂರು ಕಾಸಿನ ಉಪಯೋಗವಿರಲಿಲ್ಲ, ಆದರೆ ಆ ಸಂಜೆಯ ನಂತರ ರುದ್ರಮಾವನನ್ನು ಹಿಡಿಯುವವರು ಯಾರೂ ಇರಲಿಲ್ಲ.

ಆ ಗೆಲುವಿನ ಭರದಲ್ಲೇ ಅವರು ಮನೆಯಲ್ಲಿ ಗಾಣಕ್ಕೆ ಹಾಕಿಸಿಟ್ಟಿದ್ದ ತೆಂಗಿನೆಣ್ಣೆಯ ಡಬ್ಬವನ್ನು ಹೊತ್ತುಕೊಂಡು ಹೊರಟಿದ್ದು. ಕೈಯ ಅಚ್ಚಿಗೆ, ಲಿವರಿನ ಬುಡಕ್ಕೆ, ಏರಿಯ ತನಕ ಒಂದೊಂದು ರಾಟೆಗೂ ಮದುವೆ ಮನೆಯಲ್ಲಿ ತುಪ್ಪ ಬಡಿಸಿದ ಹಾಗೆ ಬಡಿಸಿಕೊಂಡು ಹೋದರು. "ನಮ್ಮ ಎಣ್ಣೆ ಮುಂದೆ ಯಾವ ಎಣ್ಣೆ ಐತೆ?" ಎಂದರು. ಇಲ್ಲ ಎನ್ನುವ ಧೈರ್ಯ ಆ ತೋಟದಲ್ಲಿ ಯಾರಿಗಿತ್ತು? ಲಿವರಿನ ಹಿಡಿಯನ್ನು ಮಾತ್ರ ಎಣ್ಣೆಯಿಲ್ಲದೆ ಬೆಳ್ಳಿಯ ಹಾಗೆ ಉಜ್ಜಿ, ಬೆವರಿನ ಕೈ ಸೋಕಿದರೆ ತುಕ್ಕು ಬರುತ್ತದೆಂದೂ ಬಟ್ಟೆ ಸುತ್ತಿಯೇ ಹಿಡಿಯಬೇಕೆಂದೂ ಆಜ್ಞೆ ಮಾಡಿದರು.

ಉಳಿದದ್ದು ಡ್ರೈವರನ್ನು ಒಪ್ಪಿಸುವುದು. ನಮ್ಮ ಸೀಮೆಯಲ್ಲಿ ಎಳನೀರು ಕೀಳುವುದು ಸಾಮಾನ್ಯ ಮಾತಲ್ಲ, ಬಲಿತು ಕೊಬ್ಬರಿಯಾಗುವ ಕಾಯನ್ನು ಹಸುಗೂಸಿನಲ್ಲೇ ಕೊಂದ ಹಾಗೆ. ಮನೆಯಲ್ಲಿ ಜ್ವರದವರಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಾಷಾ ಸಾಬರಿಗೆ ಮಾವ ಎಳನೀರು ಕೆತ್ತಿ ಕೊಟ್ಟರು. ಎಳನೀರು ಕುಡಿದು, ಮೀಸೆ ಒರೆಸಿಕೊಂಡು, ಸಾಬರು ಒಪ್ಪಿದರು. ತಕರಾರು ಬಂದದ್ದು ಒಂದೇ ಕಡೆ. ರೈಲ್ವೆಯ ನಿಯಮದಂತೆ ಕೈ ಚಾಚಿದ್ದರೆ ನಿಲ್ಲಬೇಕು, ಇಳಿದಿದ್ದರೆ ಹೋಗಬೇಕು ಎಂದರು ಮಾವ. ಲಿವರು ಎಳೆಯದಿದ್ದಾಗ ಕೈ ಚಾಚಿಯೇ ಇರುತ್ತದೆ.

"ಹಂಗಾದ್ರೆ ಜನ ಇರ್ಲಿ ಬುಡ್ಲಿ, ನಿಮ್ಮೂರಲ್ಲಿ ದಿನಾ ನಾನು ನಿಂತೇ ಇರ್ಬೇಕಾ ಸಾವ್ಕಾರ್ರೇ?" ಎಂದರು ಸಾಬರು. "ತಿರುಗ್ಸಿ ಮಾಡಿ. ಕೈ ಇಳಿದಿದ್ರೆ ನಿಲ್ತೀನಿ. ಚಾಚಿದ್ರೆ ಹೋಯ್ತಾ ಇರ್ತೀನಿ."

ಮಾವ ಒಪ್ಪಿಕೊಂಡರು. ರೈಲ್ವೆಯವರು ಎಷ್ಟು ಬುದ್ಧಿವಂತರು ಎಂದು ನನಗೆ ಅರ್ಥವಾಗಿದ್ದು ಆಮೇಲೆ. ತಂತಿ ಹರಿಯಲಿ, ಕೀಲು ಕೆಡಲಿ, ಅವರ ಕೈ ಚಾಚಿಕೊಂಡೇ ನಿಲ್ಲುತ್ತದೆ, ರೈಲೂ ನಿಲ್ಲುತ್ತದೆ. ನಮ್ಮದು ಕೆಟ್ಟರೆ ಬಸ್ಸು ಹೊರಟೇ ಹೋಗುತ್ತದೆ.

ಮೊದಲ ಪರೀಕ್ಷೆ ಒಂದು ಮಧ್ಯಾಹ್ನ ನಡೆಯಿತು. ಊರಿನ ಅರ್ಧ ಜನ ಏರಿಯ ಮೇಲಿದ್ದರು. ಜಗಲಿಯಲ್ಲಿ ಮಾವ ಲಿವರು ಎಳೆದರು, ತಂತಿ ಮರದಿಂದ ಮರಕ್ಕೆ ಸರ್ರನೆ ಓಡಿತು, ಅತ್ತ ಕೆಂಪು ಕೈ ಟಣ್ ಎಂದು ಬಾಗಿತು. ಬಿಟ್ಟರು, ಎದ್ದು ನಿಂತಿತು. ಮತ್ತೆ ಮತ್ತೆ ಎಳೆದರು. ಅಪ್ಪ ಮಾತ್ರ ದೂರದಲ್ಲಿ ಕೈ ಕಟ್ಟಿ ನಿಂತಿದ್ದರು. "ಆಟ ಚೆನ್ನಾಗೈತೆ. ನಾನಂತೂ ಅದನ್ನ ಮುಟ್ಟಲ್ಲ," ಎಂದರು. ಲಿವರು ಎಳೆಯುವ ಕೆಲಸ ಅವ್ವನ ಪಾಲಿಗೆ ಬಂತು.

ಆ ತಿಂಗಳು ನಾನು ಮಹಾರಾಣಿಯ ಹಾಗೆ ಕಾಲೇಜಿಗೆ ಹೋದೆ. ಜಡೆ ಹಾಕಿಕೊಂಡು, ರಾಗಿರೊಟ್ಟಿ ತಿಂದು, ಹಾರನ್ ಕೇಳಿದ ಮೇಲೆ ಹೊರಡುವುದು. ನಿಂತ ಬಸ್ಸಿಗೆ ಹತ್ತುವ ಹುಡುಗಿ ಎಂದು ಕ್ಲಾಸಿನಲ್ಲಿ ಹೇಳಿಕೊಂಡರೆ ಯಾರೂ ನಂಬಲಿಲ್ಲ.

ಆಮೇಲೆ ಚಳಿ ಬಂತು.

ಒಂದು ಬೆಳಿಗ್ಗೆ ಅವ್ವ ಲಿವರು ಎಳೆದಳು. ಲಿವರು ಪೂರ್ತಿ ಬಂತು. ಹಾರನ್ ಬರಲಿಲ್ಲ. ಏರಿಯ ಮೇಲೆ ಬಸ್ಸಿನ ಸದ್ದು ಬಂದಂತೆಯೇ ಹೋಯಿತು. ಓಡಿ ಹೋಗಿ ನೋಡಿದರೆ ಕೈ ಚಾಚಿಕೊಂಡು ನಿಂತಿದೆ. ಎಳೆದ ಎಳೆತವೆಲ್ಲ ತಂತಿಯ ಸಡಿಲಿನಲ್ಲಿ, ನಾರಿನ ಹಗ್ಗಗಳ ಹಿಗ್ಗಿನಲ್ಲಿ ಎಲ್ಲೋ ಕಳೆದುಹೋಗಿತ್ತು. ಪುಸ್ತಕ ಹಿಡಿದುಕೊಂಡು ಮನೆಗೆ ಬಂದು ಕೂತೆ. ಬಿಸಿಲೇರಿತು. ಯಾರೂ ಲಿವರಿನ ಹತ್ತಿರವಿಲ್ಲ, ಎಳೆದದ್ದು ಎಳೆದಂತೆಯೇ ಇದೆ. ಇದ್ದಕ್ಕಿದ್ದ ಹಾಗೆ ಏರಿಯ ಕಡೆಯಿಂದ ಟಣ್! ಕೈ ತನ್ನ ಪಾಡಿಗೆ ತಾನು ಇಳಿದಿತ್ತು. ತಿಪಟೂರಿಗೆ ಹೋಗಿ ಹಿಂತಿರುಗಿ ಬರುತ್ತಿದ್ದ ಬಾಷಾ ಸಾಬರು ಅದನ್ನು ನೋಡಿ, ಕೊಟ್ಟ ಮಾತಿನಂತೆ ಬಸ್ಸು ನಿಲ್ಲಿಸಿ, ಹಾರನ್ ಮಾಡಿ ಮಾಡಿ ಕಾದರು.

ಹೇಳಿ ಕಳಿಸಿದಾಗ ಮಾವ ತಿಪಟೂರಿನಿಂದ ಬಂದರು. ಬರುವಷ್ಟರಲ್ಲಿ ಮಧ್ಯಾಹ್ನ. ಎಳೆದರೆ ಇಳಿಯುತ್ತದೆ, ಬಿಟ್ಟರೆ ಏಳುತ್ತದೆ. ಡಾಕ್ಟರು ಬಂದ ಕೂಡಲೇ ಜ್ವರ ಬಿಡುವ ಮಕ್ಕಳಿರುತ್ತವಲ್ಲ, ಹಾಗೆ. ಕಂಬಕ್ಕೆ ಕಿವಿಯಿಟ್ಟು ತಟ್ಟಿ ನೋಡಿ, "ಸರಿಯಾಗೈತೆ," ಎಂದು ತೀರ್ಪು ಕೊಟ್ಟು ಹೊರಟರು. ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ. ತಂತಿ ಬಿಗಿ ಮಾಡಿದರು, ಸಡಿಲ ಮಾಡಿದರು. ಇನ್ನಷ್ಟು ಎಣ್ಣೆ ಬಿಟ್ಟರು! ಊರಿನವರು ಕೈಮರಕ್ಕೆ ದೃಷ್ಟಿಯಾಗಿದೆ ಎಂದು ಅದರ ಕೊರಳಿಗೆ ಮೆಣಸಿನಕಾಯಿ ನಿಂಬೆಹಣ್ಣು ಕಟ್ಟಿದರು.

ಒಂದು ಶನಿವಾರ ಬಾಷಾ ಸಾಬರು ಹಿಂತಿರುಗುವ ಬಸ್ಸನ್ನು ಏರಿಯ ಮೇಲೆ ಬಿಟ್ಟು ನಮ್ಮ ಮನೆಗೇ ನಡೆದು ಬಂದು ಅಪ್ಪನ ಎದುರು ನಿಂತರು. "ಸಾವ್ಕಾರ್ರೇ, ಕೈ ಇಳಿದೈತೆ ಅಂತ ನಿಲ್ಸಿದ್ರೆ ಅಲ್ಲಿ ಒಂದು ಎಮ್ಮೆ ಬಿಟ್ರೆ ಯಾರೂ ಇಲ್ಲ. ಪ್ಯಾಸೆಂಜರ್ರು ನಗ್ತಾರೆ. ಮಗೂಗೆ ತೊಂದ್ರೆ ಆಗೋದು ಗೊತ್ತು, ನಂಗೂ ಹೆಣ್ಮಕ್ಳವ್ರೆ. ಆದ್ರೆ ಇನ್ಮೇಲೆ ಆ ಕೈನ ನಾನು ನಂಬಲ್ಲ," ಎಂದರು. ಅವರಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು.

ಅವರು ಹೋದ ಮೇಲೆ ಅಪ್ಪ ನನ್ನ ಕಡೆ ತಿರುಗಿದರು. "ನೋಡ್ದಲ್ಲವ್ವ. ಸಂಕ್ರಾಂತಿನೂ ಹತ್ರ ಬಂತು. ನಾಡಿದ್ದು ಸೋಮವಾರ ಒಂದಿನ ನೋಡು. ಸಿಕ್ಕಿಲ್ಲ ಅಂದ್ರೆ ಪುಸ್ತಕ ಅಟ್ಟಕ್ಕೆ ಹಾಕು." ಆ ಇಡೀ ದಿನ ಅಟ್ಟದ ಕಡೆ ಕಣ್ಣು ಹೋದಾಗಲೆಲ್ಲ ಅಳು ಬರುತ್ತಿತ್ತು.

ಭಾನುವಾರ ತಲೆಗೆ ಎಣ್ಣೆ ಹಚ್ಚಿ ನೀರು ಹಾಕುವ ದಿನ. ಬೆಳಿಗ್ಗೆಯೇ ಅವ್ವ ನನ್ನನ್ನು ಎಳೆದು ಜಗಲಿಯ ಮೇಲೆ ಕೂರಿಸಿಕೊಂಡಳು. ಹಿಂದಿನ ಸಂಜೆಯೇ ಬಂದು ಉಳಿದಿದ್ದ ರುದ್ರಮಾವ ಪಕ್ಕದಲ್ಲಿ ಕಾಫಿ ಕುಡಿಯುತ್ತ, ತಂತಿಯನ್ನೇ ಬದಲಾಯಿಸಬೇಕು ಎಂದು ಅಪ್ಪನಿಗೆ ಹೇಳುತ್ತಿದ್ದರು. ಅವ್ವ ಬಾಟಲಿಯನ್ನು ಅಂಗೈ ಮೇಲೆ ಬೋರಲು ಹಾಕಿದಳು. ಒಂದು ಹನಿ ಬೀಳಲಿಲ್ಲ. ಒಳಗೆ ಎಣ್ಣೆ ಬೆಳ್ಳಗೆ ಕಲ್ಲಾಗಿತ್ತು. ಕಡ್ಡಿಯಿಂದ ತಿವಿದಳು. ಬಾಟಲಿಯ ಬುಡಕ್ಕೆ ಬಡಿದಳು.

"ಒಲೆ ಪಕ್ಕ ಇಡೇ ಅಂತ ಎಷ್ಟು ಸಲ ಹೇಳಿವ್ನಿ ನಿಂಗೆ," ಎಂದು ನನ್ನ ತಲೆಯ ಮೇಲೊಂದು ಕುಟ್ಟಿದಳು. ಆಮೇಲೆ ಆ ಸಿಟ್ಟು ಯಾರ ಮೇಲಾದರೂ ಇಳಿಯಬೇಕಲ್ಲ, ತಮ್ಮನ ಕಡೆ ತಿರುಗಿದಳು. "ನೀನು ಡಬ್ಬಗಟ್ಲೆ ಆ ಕಬ್ಬಿಣಕ್ಕೆ ಸುರ್ದಲ್ಲ, ಇದೇ ಎಣ್ಣೆ ತಾನೆ? ಮಗಿನ ತಲೆಗಾದ್ರೂ ಒಂದೀಟು ಬುಟ್ಟಿದ್ರೆ..."

ರುದ್ರಮಾವ ಲೋಟವನ್ನು ಕೆಳಗಿಟ್ಟರು. ಕೈ ತಾನಾಗಿ ತಲೆಯ ಮೇಲೆ ಹೋಯಿತು. ನುಣ್ಣನೆಯ ಆ ತಲೆಯನ್ನು ನಿಧಾನವಾಗಿ ಸವರಿಕೊಂಡರು. ಎಷ್ಟೋ ವರ್ಷಗಳಿಂದ ಚಳಿಗಾಲದ ಬೆಳಿಗ್ಗೆ ಎಣ್ಣೆ ಬಾಟಲಿಯ ಗೋಜಿಗೇ ಹೋಗದ ತಲೆ ಅದು. ಚಳಿಗೆ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಮಗೆಲ್ಲರಿಗೂ ಗೊತ್ತಿತ್ತು, ದಿನಾ ಬೆಳಿಗ್ಗೆ ಒಲೆಯ ಪಕ್ಕ ಬಾಟಲಿ ಇಡುತ್ತಿದ್ದವಳು ನಾನೇ. ಆದರೆ ಬಚ್ಚಲುಮನೆಯಲ್ಲಿ ಗೊತ್ತಿದ್ದದ್ದು ಏರಿಯ ತನಕ ನಡೆದು ಹೋಗಿರಲಿಲ್ಲ.

ಎಲ್ಲರೂ ಏರಿಗೆ ಓಡಿದೆವು. ಅವ್ವ ಬಾಟಲಿ ಹಿಡಿದುಕೊಂಡೇ ಬಂದಳು. ಮಾವ ಮೊದಲ ರಾಟೆಯ ಸಂದಿಗೆ ಉಗುರು ಹಾಕಿ ಕೆರೆದರು. ಬೆಣ್ಣೆಯ ಹಾಗೆ ಬಿಳಿಯದು, ಅದಕ್ಕೆ ರಸ್ತೆಯ ಧೂಳು ಮೆತ್ತಿ ಹಿಟ್ಟಾಗಿತ್ತು. ಎರಡನೆಯದರಲ್ಲೂ ಅದೇ, ಕಂಬದ ತುದಿಯ ಅಚ್ಚಿನಲ್ಲೂ ಅದೇ. ಎಂದೂ ದನಿ ತಗ್ಗಿಸದ ರುದ್ರಮಾವ ಅವತ್ತು ತಗ್ಗಿಸಿದರು. "ಭಾವ, ನನ್ನೆಣ್ಣೇನೇ ಕೈ ಹಿಡ್ಕಂಬುಡ್ತು," ಎಂದರು.

ಅಪ್ಪ ತಿರುಗಿ ಮನೆಯ ಕಡೆ ನಡೆದರು. ನನಗೆ ಮುಗಿಯಿತು ಎನ್ನಿಸಿತು. ಸ್ವಲ್ಪ ಹೊತ್ತಿನ ಮೇಲೆ ಬಂದರು. ಒಂದು ಕೈಯಲ್ಲಿ ಸೀಮೆಎಣ್ಣೆ ಡಬ್ಬ, ಇನ್ನೊಂದರಲ್ಲಿ ನಮ್ಮ ಎತ್ತಿನಗಾಡಿಯ ಕೆಳಗೆ ನೇತಾಡುತ್ತಿದ್ದ ಬಿದಿರಿನ ಗೊಟ್ಟ. ಅದರಲ್ಲಿ ಕೀಲೆಣ್ಣೆ, ಹರಳೆಣ್ಣೆಗೆ ಹುಲ್ಲಿನ ಮಸಿ ಕಲಸಿದ್ದು.

"ಗಾಡಿ ಚಳೀಲಿ ನಿಲ್ತದೇನಯ್ಯ?" ಎಂದರು ಮಾವನಿಗೆ. "ಸರ್ಕ ಅತ್ಲಾಗೆ." ಪಂಚೆ ಮೇಲೆ ಕಟ್ಟಿ, ಮುಟ್ಟುವುದಿಲ್ಲ ಎಂದಿದ್ದ ಆ ಕಂಬವನ್ನು ತಾವೇ ಹತ್ತಿದರು. ಅಚ್ಚನ್ನು ಸೀಮೆಎಣ್ಣೆಯಲ್ಲಿ ತೊಳೆದು ಕೀಲೆಣ್ಣೆ ಸವರಿದರು. ಆಮೇಲೆ ಒಂದೊಂದೇ ರಾಟೆ ತೊಳೆಯುತ್ತ, ಸವರುತ್ತ, ಮಧ್ಯಾಹ್ನದ ತನಕ ಅಪ್ಪನೂ ಮಾವನೂ ಏರಿಯಿಂದ ಜಗಲಿಗೆ ಬಂದು ಮುಟ್ಟಿದರು. ಇಬ್ಬರ ಕೈಯೂ ಮೊಣಕೈ ತನಕ ಕಪ್ಪಾಗಿತ್ತು.

ಸೋಮವಾರ ಬೆಳಿಗ್ಗೆ ಎಂಥ ಚಳಿಯೆಂದರೆ ಉಸಿರು ಹೊಗೆಯಾಗುತ್ತಿತ್ತು. ಅವ್ವ ಲಿವರಿನ ಕಡೆ ಹೊರಟಾಗ ಅಪ್ಪ ತಡೆದರು. "ಬುಡು, ನಾನ್ ನೋಡ್ಕತೀನಿ." ಟವೆಲಿನಲ್ಲಿ ಹಿಡಿ ಸುತ್ತಿ ಹಿಡಿದರು. ಎಳೆಯಲಿಲ್ಲ. ಸುಮ್ಮನೆ ನಿಂತರು.

"ಎಳೀರಿ ಅಂದ್ರೆ!" ಎಂದಳು ಅವ್ವ.

"ಸುಮ್ಕಿರು. ಸಾಬ್ರು ಕೈನ ನಂಬಲ್ಲ ಅಂದವ್ರೆ. ಮೊದ್ಲೇ ಇಳಿಸಿಟ್ರೆ ನಿನ್ನೆ ಇಳಿದದ್ದೇ ಹಂಗೇ ಐತೆ ಅನ್ಕಂಡು ಹೊಂಟೋಯ್ತಾರೆ."

ನಾನು ಪುಸ್ತಕಗಳನ್ನು ಎದೆಗೆ ಅವುಚಿಕೊಂಡು ನಿಂತಿದ್ದೆ. ಕೆರೆಯ ಆಚೆಗೆ, ದಿಣ್ಣೆ ಹತ್ತುವಾಗ ಬಸ್ಸು ಗೇರು ಬದಲಾಯಿಸುವ ಗೊಗ್ಗರು ಸದ್ದು ಕೇಳಿಸಿತು. ಅಪ್ಪ ತಲೆ ವಾಲಿಸಿ ಕೇಳಿಸಿಕೊಂಡರು, ಮಾವ ಕಾಯಿಗೆ ಕಿವಿ ಕೊಡುವ ಹಾಗೆ. ಬಸ್ಸು ತಿರುವಿಗೆ ಬಂತು ಎನ್ನುವಾಗ ಒಂದೇ ಸಲಕ್ಕೆ ಎಳೆದರು. ತಂತಿ ಓಡಿತು. ಟಣ್.

ಆಮೇಲೆ ಏನೂ ಕೇಳಲಿಲ್ಲ. ಆ ನಿಶ್ಶಬ್ದ ನನ್ನ ಜೀವಮಾನದಲ್ಲೇ ಉದ್ದನೆಯದು. ಆಮೇಲೆ ಹಾರನ್. ಒಂದಲ್ಲ, ಎರಡು ಸಲ.

"ಕೈ ಇಳಿದೈತೆ. ಹೊರಡವ್ವ," ಎಂದರು ಅಪ್ಪ.

ಓಡಿ ಬಸ್ಸು ಹತ್ತಿದರೆ ಬಾಷಾ ಸಾಬರು ಬಾಯಿತುಂಬ ನಗುತ್ತಿದ್ದರು. "ನೋಡ್ಬಾರ್ದು ಅಂತಾನೇ ಬಂದೆ ಕಣಮ್ಮ. ನನ್ನ ಕಣ್ಣೆದುರಿಗೇ ಇಳೀತಲ್ಲ, ಏನ್ ಮಾಡ್ಲಿ?" ಎಂದರು.

ಆ ಸೋಮವಾರದ ನಂತರ ನಾನು ಕಾಲೇಜಿನಲ್ಲಿ ಇದ್ದಷ್ಟು ವರ್ಷವೂ, ಬಿ.ಎ. ಮುಗಿಯುವ ತನಕ, ಲಿವರನ್ನು ಅಪ್ಪ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಬೆಳಗಿನ ಹಾಲು ಕರೆಯುವುದನ್ನೇ ಮುಂಚಿತವಾಗಿ ಶುರುಮಾಡಿ, ಮಬ್ಬುಗತ್ತಲೆಯಲ್ಲೇ ಮುಗಿಸಿಬಿಡುತ್ತಿದ್ದರು ಎಂದು ಅವ್ವ ಎಷ್ಟೋ ಕಾಲದ ಮೇಲೆ ಹೇಳಿದಳು. ಓದು ಎಂದು ಅವರು ನನಗೆ ಒಂದು ದಿನವೂ ಹೇಳಲಿಲ್ಲ. ನಾನು ಟೀಚರಾದಾಗ ಶಹಬ್ಬಾಸ್ ಎನ್ನಲೂ ಇಲ್ಲ. ರುದ್ರಮಾವ ಮಾತ್ರ ಮಂಡಿಗೆ ಬಂದವರಿಗೆಲ್ಲ "ನಮ್ಮ ಹುಡುಗೀನ ನಾನೇ ಸಿಗ್ನಲ್ ಹಾಕಿ ಓದ್ಸಿದ್ದು" ಎಂದು ಹೇಳಿಕೊಂಡು ತಿರುಗಿದರು. ತೆಂಗಿನೆಣ್ಣೆಯ ಭಾಗವನ್ನು ಬಿಟ್ಟು.

ನಾನೂ ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ, ಯಾವಾಗಲೂ ಮಾವನ ಕಥೆಯಾಗಿ, ನಗುವುದಕ್ಕೆ. ಮೊನ್ನೆ ಗೇಟಿನ ಹತ್ತಿರ ಹಾಗಾಗಲಿಲ್ಲ. ಇವರು ಬಿಸಿನೀರಿನಲ್ಲಿಟ್ಟು ಕರಗಿಸಿ ತಂದಿದ್ದ ತೆಂಗಿನೆಣ್ಣೆಯನ್ನು ಒಳಗೆ ಕಳಿಸಿ, ಹರಳೆಣ್ಣೆ ಬಿಟ್ಟು, ಚಿಲಕ ಸಡಿಲವಾಗಲಿ ಎಂದು ಹಿಡಿದುಕೊಂಡು ನಿಂತೆ. ಚಳಿಯಲ್ಲಿ ನೆನೆದ ಕಬ್ಬಿಣ ಹೇಗಿರುತ್ತದೆ ಗೊತ್ತೇ? ಮೊದಲು ಚರ್ಮ ಕಚ್ಚುತ್ತದೆ, ಆಮೇಲೆ ಮೂಳೆಗೆ ಇಳಿಯುತ್ತದೆ. ಸ್ವಲ್ಪ ಹೊತ್ತಿಗೇ ಕೈ ಕಿತ್ತುಕೊಂಡೆ. ಕಿತ್ತುಕೊಂಡವಳು ಹಾಗೆಯೇ ನಿಂತುಬಿಟ್ಟೆ. ಅಷ್ಟು ವರ್ಷ, ಬಸ್ಸಿನ ಸದ್ದು ಬರುವ ತನಕ, ಅಪ್ಪ ಹಿಡಿದು ನಿಲ್ಲುತ್ತಿದ್ದ ಆ ಲಿವರನ್ನು ನಾನು ಚಳಿಗಾಲದ ಬೆಳಿಗ್ಗೆ ಒಂದು ಸಲವೂ ಮುಟ್ಟಿರಲಿಲ್ಲ. ಹಾರನ್ ಕೇಳಿದ ಕೂಡಲೇ ಓಡಿದ್ದೆನೇ ಹೊರತು ತಿರುಗಿ ನೋಡಿರಲಿಲ್ಲ.

ಅದಾದ ಕೆಲವೇ ದಿನಕ್ಕೆ ಸಂಕ್ರಾಂತಿಗೆ ಊರಿಗೆ ಹೋದೆ. ಅಪ್ಪ ಅವ್ವ ಈಗಿಲ್ಲ, ನನ್ನ ತಮ್ಮ, ಅವನ ಹೆಂಡತಿ ಗಿರಿಜ, ಮಕ್ಕಳು ಎಲ್ಲ ಇದ್ದು ಮನೆ ಗಿಜಿಗುಡುತ್ತಿರುತ್ತದೆ. ಲಿವರು ಜಗಲಿಯ ಪಕ್ಕ ಹಾಗೆಯೇ ಇದೆ, ಗಿರಿಜ ಅದರ ಮೇಲೆ ಒದ್ದೆ ಬಟ್ಟೆ ಹರವುತ್ತಾಳೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಬಟ್ಟೆ ಸರಿಸಿ, ಟವೆಲು ಸುತ್ತಿ ಹಿಡಿ ಹಿಡಿದೆ. ಟವೆಲು ಏನೇನೂ ಸಾಲದು.

ಗಿರಿಜ ಕದ ತೆರೆದು ಬಂದಳು. "ಈ ಚಳೀಲಿ ಅಲ್ಲೇನ್ ಮಾಡ್ತಿದ್ದೀರಕ್ಕ?"

"ಬಸ್ಸು ಕಾಯ್ತಿದೀನಿ ಕಣೇ."

"ಯಾವ ಬಸ್ಸು? ಈಗ ಊರೊಳಕ್ಕೇ ಬತ್ತದಲ್ಲ," ಎಂದು ನಕ್ಕು, ಅವಳು ಕಾಫಿ ಕಾಯಿಸಲು ಒಳಗೆ ಹೋದಳು.

ನಾನು ಕೈ ಬಿಡಲಿಲ್ಲ. ಹಾಲು ಕರೆದು ಮುಗಿಸಿ, ಜಡೆ ಹಾಕಿಕೊಳ್ಳುವ ಮಗಳನ್ನು ಅವಸರಪಡಿಸದೆ, ಆಚೆ ದಿಣ್ಣೆಯ ಸದ್ದಿಗೆ ಕಿವಿಯಿಟ್ಟು ಅಪ್ಪ ನಿಲ್ಲುತ್ತಿದ್ದಷ್ಟು ಹೊತ್ತು ನಿಂತು ನೋಡಬೇಕು ಎಂದುಕೊಂಡಿದ್ದೆ. ಆಗಲಿಲ್ಲ. ಕಾಫಿ ಕುದಿಯುವುದಕ್ಕೂ ಮೊದಲೇ ನನ್ನ ಬೆರಳುಗಳು ಮರಗಟ್ಟಿದವು.